ಜೆರಿಕೋವಿನ ಅತ್ತಿಮರ

(ಶತಮಾನೋತ್ಸವದ ಅಂಗವಾಗಿ ದೇವಾಲಯದ ಸಭಾಂಗಣದಲ್ಲಿ ಮಾಡಿದ ಭಾಷಣ)



ಪವಿತ್ರ ನಾಡಿನ ಯಾತ್ರೆಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಶತಮಾನೋತ್ಸವ ಸಮಿತಿಯವರು ನನಗೆ ಅಪ್ಪಣೆ ಮಾಡಿದ್ದಾರೆ. ಬೆತ್ಲೆಹೇಮಿನ ಗವಿ, ನಜರೇತಿನ ಮನೆ, ಕಲ್ವಾರಿಯ ಬಂಡೆ ಇವುಗಳ ವರ್ಣನೆಯನ್ನು ನೀವು ನನಗಿಂತ ಬಲ್ಲವರ ಬಾಯಿಂದ ಕೇಳಿದ್ದೀರಿ. ಆದ್ದರಿಂದ ನಾನು ಇಂದು ಒಂದೇ ಒಂದು ಮರವನ್ನು ಕುರಿತು ಮಾತನಾಡಲು ಅನುಮತಿ ಬೇಡುತ್ತೇನೆ. ಬಹುಕಾಲ ಸಸ್ಯಶಾಸ್ತ್ರ ಪಾಠ ಹೇಳಿದವನ ಕಣ್ಣು ಎಷ್ಟು ದೊಡ್ಡ ದೇವಾಲಯದ ಮುಂದೆ ನಿಂತರೂ ಪಕ್ಕದ ಮರದ ಕಡೆಗೇ ಹೊರಳುತ್ತದೆ. ಇದು ಹಳೆಯ ಚಾಳಿ, ಹೋಗುವುದಿಲ್ಲ.

ಆ ಮರವಿರುವುದು ಜೆರಿಕೋ ಪಟ್ಟಣದಲ್ಲಿ. ಸುಂಕದವರ ಮುಖ್ಯಸ್ಥನಾದ ಜಕ್ಕಾಯನು ಯೇಸುಸ್ವಾಮಿಯನ್ನು ಕಾಣಬೇಕೆಂದು ಹತ್ತಿದ ಮರವೆಂದು ಅದನ್ನು ಯಾತ್ರಿಕರಿಗೆ ತೋರಿಸುತ್ತಾರೆ. ಸಂತ ಲೂಕನ ಶುಭಸಂದೇಶದ 19ನೆಯ ಅಧ್ಯಾಯದ ಮೊದಲ ಹತ್ತು ವಚನಗಳಲ್ಲಿ ಈ ವೃತ್ತಾಂತವಿದೆ. ಉಳಿದ ಮೂವರು ಶುಭಸಂದೇಶಕರು ಇದನ್ನು ಹೇಳಿಲ್ಲ.

2018ರ ಫೆಬ್ರವರಿಯಲ್ಲಿ ನಮ್ಮ ತಂಡ ಜೆರುಸಲೇಮಿನಿಂದ ಬೆಳಿಗ್ಗೆ ಹೊರಟಿತು. ಜೆರುಸಲೇಮ್ ಸಮುದ್ರಮಟ್ಟಕ್ಕಿಂತ ಸುಮಾರು 750 ಮೀಟರ್ ಎತ್ತರದಲ್ಲಿದೆ. ಜೆರಿಕೋ ಸಮುದ್ರಮಟ್ಟಕ್ಕಿಂತ ಸುಮಾರು 250 ಮೀಟರ್ ಕೆಳಗಿದೆ. ಮೂವತ್ತು ಕಿಲೋಮೀಟರಿನ ಒಳಗಿನ ದಾರಿಯಲ್ಲಿ ಒಂದು ಕಿಲೋಮೀಟರಿನಷ್ಟು ಆಳಕ್ಕೆ ಇಳಿಯಬೇಕು. ಕಿವಿ ಮುಚ್ಚಿಕೊಂಡಂತಾಗುತ್ತದೆ. ಒಬ್ಬ ಮನುಷ್ಯನು ಜೆರುಸಲೇಮಿನಿಂದ ಜೆರಿಕೋವಿಗೆ 'ಇಳಿದು' ಹೋಗುತ್ತಿದ್ದನೆಂದು ಸ್ವಾಮಿಯವರು ಸಮಾರಿಯದವನ ಸಾಮತಿಯಲ್ಲಿ ಹೇಳಿದುದು ಎಷ್ಟು ಅಕ್ಷರಶಃ ಸತ್ಯವೆಂಬುದು ಈ ದಾರಿಯಲ್ಲಿ ಬಂದವನಿಗೆ ಗೊತ್ತು. ಎರಡೂ ಕಡೆ ಬೋಳುಗುಡ್ಡಗಳು. ಮಳೆಗಾಲ ಮುಗಿಯುತ್ತಿದ್ದ ಕಾಲವಾದ್ದರಿಂದ ಅಲ್ಲಲ್ಲಿ ಹಸುರಿನ ತೆಳುಲೇಪ, ಅದರ ಮೇಲೆ ಆಡುಕುರಿಗಳು. ವರ್ಷಕ್ಕೆ 200 ಮಿಲಿಮೀಟರಿಗೂ ಕಡಿಮೆ ಮಳೆ ಬೀಳುವ ಪ್ರದೇಶ ಅದು. ನಮ್ಮ ಮಲೆನಾಡಿನ ಆಗುಂಬೆಯಲ್ಲಿ ಮುಂಗಾರಿನ ಒಂದೇ ದಿನ ಅಷ್ಟು ಸುರಿದುಬಿಡುವುದುಂಟು.

ಅಂಥ ಬಂಜರಿನ ನಡುವೆ ಒಮ್ಮೆಲೆ ಖರ್ಜೂರದ ತೋಪು, ಬಾಳೆಯ ತೋಟ, ಕಿತ್ತಲೆಯ ಗಿಡಗಳು ಕಾಣಿಸುತ್ತವೆ. ಮರುಭೂಮಿಯ ಈ ಪಟ್ಟಣವನ್ನು ಬದುಕಿಸಿರುವುದು ಒಂದು ಬುಗ್ಗೆ. ಅರಬ್ಬೀ ಜನ ಅದನ್ನು ಐನ್ ಅಸ್-ಸುಲ್ತಾನ್ ಎನ್ನುತ್ತಾರೆ. ಪ್ರವಾದಿ ಎಲೀಷನು ಉಪ್ಪು ಹಾಕಿ ಸಿಹಿಮಾಡಿದ ನೀರು ಇದೇ ಎಂಬುದು ಕ್ರೈಸ್ತರ ಪರಂಪರೆ. ನಿಮಿಷಕ್ಕೆ ಸಾವಿರಾರು ಲೀಟರ್ ನೀರು ಉಕ್ಕುತ್ತದೆ. ಪಕ್ಕದಲ್ಲೇ ಹಳೆಯ ಜೆರಿಕೋವಿನ ದಿಬ್ಬ. 1952ರಿಂದ 1958ರವರೆಗೆ ಕ್ಯಾಥ್ಲೀನ್ ಕೆನ್ಯನ್ ಎಂಬ ವಿದುಷಿ ಅಲ್ಲಿ ಅಗೆಸಿದಾಗ ಸುಮಾರು ಹತ್ತುಸಾವಿರ ವರ್ಷ ಹಳೆಯದಾದ ಕಲ್ಲಿನ ಗೋಪುರವೊಂದು ಒಳಗಿನ 22 ಮೆಟ್ಟಿಲುಗಳ ಸಹಿತ ಹೊರಬಿತ್ತು. 2023ರಲ್ಲಿ ಯುನೆಸ್ಕೋ ಆ ದಿಬ್ಬವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇದನ್ನು ಇಷ್ಟಕ್ಕೇ ಬಿಡುತ್ತೇನೆ. ನಾವು ಮರದ ಬಳಿಗೆ ಹೋಗಬೇಕು.

ಮರ ಊರೊಳಗಿನ ರಸ್ತೆಯ ಬದಿಯಲ್ಲಿದೆ. 2011ರಲ್ಲಿ ತೆರೆದ ರಷ್ಯನ್ ವಸ್ತುಸಂಗ್ರಹಾಲಯದ ನೆರೆಯಲ್ಲಿ, ಕಬ್ಬಿಣದ ಬೇಲಿಯ ಹಿಂದೆ. ವಾಹನಗಳು ಹಾರನ್ ಹಾಕಿಕೊಂಡು ಹೋಗುತ್ತವೆ. ಖರ್ಜೂರ ಮಾರುವ ಹುಡುಗರು ಯಾತ್ರಿಕರ ಹಿಂದೆ ಬೀಳುತ್ತಾರೆ. ಕಾಂಡ ದಪ್ಪ, ಗಂಟುಗಂಟು. ಹಲವು ಕಾಂಡಗಳು ಒಂದಾಗಿ ಬೆಸೆದಂತೆ ತೋರುತ್ತದೆ. ಕೊಂಬೆಗಳು ನೆಲಕ್ಕೆ ಬಹಳ ದೂರವಲ್ಲದ ಎತ್ತರದಲ್ಲೇ ಅಡ್ಡಲಾಗಿ ಚಾಚಿಕೊಂಡಿವೆ. ನೋಡಿದ ಕೂಡಲೇ ನನಗೆ ಅನ್ನಿಸಿದ್ದು: ಇದು ನಮ್ಮ ಅತ್ತಿಮರದ ದಾಯಾದಿ. ನಮ್ಮ ಹೊಳೆದಂಡೆಯ ಅತ್ತಿಯಲ್ಲಿ ಕಾಯಿಗಳು ಕಾಂಡಕ್ಕೇ ಗೊಂಚಲು ಗೊಂಚಲಾಗಿ ಅಂಟಿಕೊಂಡಿರುವಂತೆ ಇದರಲ್ಲೂ ಹಳೆಯ ಕೊಂಬೆಗಳ ಮೈಮೇಲೆಯೇ ಕಾಯಿ ಕಟ್ಟುತ್ತದೆ. ಅರಬ್ಬಿಯಲ್ಲಿ ಇದರ ಹೆಸರು ಜುಮ್ಮೈಜ್. ಸಂತ ಲೂಕನು ಬಳಸಿದ ಗ್ರೀಕ್ ಪದಕ್ಕೆ ಅಂಜೂರ-ಹಿಪ್ಪುನೇರಳೆ ಎಂದು ಅರ್ಥ. ಹಣ್ಣು ಅಂಜೂರದ್ದು, ಎಲೆ ಹಿಪ್ಪುನೇರಳೆಯದು ಎಂಬಂತಿರುವುದರಿಂದ. ಯೂರೋಪಿನ ಚಿತ್ರಗಾರರು ತಮ್ಮ ನಾಡಿನಲ್ಲಿ ಹೆಚ್ಚುಕಡಮೆ ಅದೇ ಹೆಸರಿನ ಬೇರೊಂದು ಮರವಿದ್ದುದರಿಂದ ಅದನ್ನೇ ಬರೆದು ಜಕ್ಕಾಯನನ್ನು ಅದರ ಮೇಲೆ ಕೂರಿಸಿದ್ದುಂಟು. ನಾವು ಅತ್ತಿಮರವನ್ನು ನೆನೆದುಕೊಂಡರೆ ಅವರಿಗಿಂತ ನಿಜಕ್ಕೆ ಹತ್ತಿರವಾಗಿರುತ್ತೇವೆ.

ನಮ್ಮ ಮಾರ್ಗದರ್ಶಿ, ಪಾಪ, ಒಳ್ಳೆಯ ಮನುಷ್ಯ, ಮರಕ್ಕೆ ಎರಡು ಸಾವಿರ ವರ್ಷವೆಂದು ನಿಸ್ಸಂಶಯವಾಗಿ ಹೇಳಿ ಫೋಟೋ ತೆಗೆದುಕೊಳ್ಳಲು ಹತ್ತು ನಿಮಿಷ ಬಿಡುವು ಕೊಟ್ಟ. ಆಗ ನಮ್ಮ ತಂಡದಲ್ಲಿದ್ದ ಒಬ್ಬ ವೃದ್ಧೆ, ಹಲವು ವರ್ಷ ಹೊಟ್ಟೆಬಟ್ಟೆ ಕಟ್ಟಿ ಯಾತ್ರೆಗೆ ಹಣ ಕೂಡಿಸಿದ್ದ ತಾಯಿ, ಬೇಲಿಯ ಸರಳು ಹಿಡಿದುಕೊಂಡು ನನ್ನನ್ನು ಕೇಳಿದರು: "ಮೇಷ್ಟ್ರೇ, ನೀವು ಮರದ ವಿದ್ಯೆ ಓದಿದವರು. ನಿಜ ಹೇಳಿ, ಇದೇನಾ ಆ ಮರ?"

ಆ ಪ್ರಶ್ನೆಗೆ ನಾನು ಅಲ್ಲಿ ಕೊಟ್ಟ ಉತ್ತರ ಚುಟುಕಾದದ್ದು. ಇಲ್ಲಿ ಅದನ್ನು ಸ್ವಲ್ಪ ವಿಸ್ತರಿಸುತ್ತೇನೆ.

ಕ್ರಿಸ್ತಶಕ 333ರಲ್ಲಿ ಫ್ರಾನ್ಸಿನ ಬೋರ್ಡೋ ಪಟ್ಟಣದಿಂದ ಹೊರಟ ಯಾತ್ರಿಕನೊಬ್ಬ ತನ್ನ ಪ್ರಯಾಣದ ಟಿಪ್ಪಣಿಯನ್ನು ಬರೆದಿಟ್ಟಿದ್ದಾನೆ, ಹೆಸರು ಉಳಿದಿಲ್ಲ. ಬೆಟ್ಟವಿಳಿದು ಜೆರಿಕೋ ಸೇರುವಾಗ ಬಲಗಡೆಯಲ್ಲಿ ಜಕ್ಕಾಯನು ಹತ್ತಿದ ಮರವಿದೆಯೆಂದು ಅವನು ದಾಖಲಿಸಿದ. ಅದಾದ ಅರ್ಧ ಶತಮಾನಕ್ಕೆ ರೋಮಿನ ಶ್ರೀಮಂತ ವಿಧವೆ ಸಂತ ಪೌಲಾ ಆ ಮರವನ್ನು ಕಂಡಳೆಂದು ಸಂತ ಜೆರೋಮನು ತನ್ನ ಪತ್ರವೊಂದರಲ್ಲಿ ಬರೆದಿದ್ದಾನೆ. ಮುಂದೆ ಸುಮಾರು 570ರಲ್ಲಿ ಇಟಲಿಯ ಪಿಯಾಚೆಂಜಾದಿಂದ ಬಂದ ಯಾತ್ರಿಕ ಇನ್ನೊಂದು ವಿಷಯವನ್ನು ಹೇಳುತ್ತಾನೆ: ಮರದ ಸುತ್ತ ಒಂದು ಪ್ರಾರ್ಥನಾಲಯ ಕಟ್ಟಿದ್ದಾರೆ, ಮರ ಅದರ ಛಾವಣಿಯನ್ನು ದಾಟಿ ಮೇಲೆ ನಿಂತಿದೆ, ಆದರೆ ಅದು ಒಣಗಿದೆ.

ಒಣಗಿದೆ ಎಂಬ ಈ ಒಂದು ಮಾತು ಸಾಕು. ಆರನೆಯ ಶತಮಾನದಲ್ಲಿ ಪೂಜ್ಯವಾಗಿದ್ದ ಮರ ಆಗಲೇ ಸತ್ತಿತ್ತು. ಇಂದು ಹಸುರಾಗಿ ನಿಂತಿರುವ ಮರವನ್ನೇ ಅದೆಂದು ಹೇಳಲಾಗದು. ಒಳಗೆ ಟೊಳ್ಳಾದ ಇಂಥ ಹಳೆಯ ಮರದ ಉಂಗುರಗಳನ್ನು ಎಣಿಸಿ ಪ್ರಾಯ ನಿರ್ಣಯಿಸುವುದೂ ಆಗದ ಮಾತು. ಜೊತೆಗೆ ಜೆರಿಕೋವಿನಲ್ಲೇ ಗ್ರೀಕ್ ಆರ್ಥೊಡಾಕ್ಸ್ ಸಭೆಯವರು ಒಣಗಿದ ಕಾಂಡವೊಂದನ್ನು ಜಕ್ಕಾಯನ ಹೆಸರಿನಲ್ಲೇ ಕಾಪಾಡಿಕೊಂಡು ಬಂದಿದ್ದಾರೆ. ಊರೂ ನಿಂತಲ್ಲಿ ನಿಂತಿಲ್ಲ. ಯೆಹೋಶುವನ ಕಾಲದ ಜೆರಿಕೋ ಬುಗ್ಗೆಯ ಪಕ್ಕದ ದಿಬ್ಬ. ಸ್ವಾಮಿಯವರ ಕಾಲದಲ್ಲಿ ಹೆರೋದನ ಅರಮನೆಗಳಿದ್ದ ಜೆರಿಕೋ ನೈಋತ್ಯಕ್ಕೆ, ವಾದಿ ಕೆಲ್ಟ್ ಎಂಬ ಹಳ್ಳ ಬೆಟ್ಟದಿಂದ ಹೊರಬರುವ ಕಡೆ. ಈಗಿನ ಪಟ್ಟಣ ಕುಳಿತಿರುವುದು ಅನಂತರದ ಬಿಜಾಂಟಿಯನ್ ಕಾಲದ ಜೆರಿಕೋವಿನ ಮೇಲೆ.

ಇದನ್ನೆಲ್ಲ ಸಂಕ್ಷೇಪಿಸಿ, "ಅಮ್ಮಾ, ಇದು ಆ ಮರವಲ್ಲ, ಅದರ ಜಾತಿಯ ಮರ" ಎಂದೆ.

"ಹೋಗಲಿ, ದಾರಿ ಇದೇ ತಾನೆ?"

"ದಾರಿ ಸ್ವಲ್ಪ ಆ ಕಡೆಗಿತ್ತು."

"ಊರಾದರೂ ಇದೇ ತಾನೆ?"

"ಊರು ಇದೇ. ಸ್ವಲ್ಪ ಸರಿದಿದೆ."

ಆ ತಾಯಿ ನನ್ನನ್ನು ಒಂದು ಕ್ಷಣ ನೋಡಿ, "ಸರಿ, ಬಿಸಿಲು ಅಷ್ಟೇ ಇದೆಯಲ್ಲ" ಎಂದು ಹೇಳಿ ಜಪಮಾಲೆ ತೆಗೆದರು. ನನ್ನ ಪಾಂಡಿತ್ಯಕ್ಕೆ ತಕ್ಕ ಮರ್ಯಾದೆ ಸಿಕ್ಕಿತು.

ನಿಜವನ್ನು ಹೇಳಿದ್ದರಿಂದ ಅವರ ಭಕ್ತಿಗೆ ಕುಂದೇನೂ ಬರಲಿಲ್ಲವೆಂಬುದನ್ನು ನೀವು ಗಮನಿಸಬೇಕು. ಯಾತ್ರಾಸ್ಥಳಗಳ ವಿಷಯದಲ್ಲಿ ಸತ್ಯವನ್ನು ಹೇಳಿದರೆ ಸಾಮಾನ್ಯ ಜನರ ವಿಶ್ವಾಸ ಕುಸಿಯುತ್ತದೆಂದು ಅಂಜುವವರು ನಮ್ಮಲ್ಲಿ ಇದ್ದಾರೆ. ಅವರ ಅಂಜಿಕೆ ನನಗೆ ಒಪ್ಪಿಗೆಯಲ್ಲ. ಧರ್ಮಸಭೆಯ ವಿಶ್ವಾಸಸಾರದಲ್ಲಿ ಜೆರಿಕೋವಿನ ಮರದ ಪ್ರಾಯ ಸೇರಿಲ್ಲ. ಪರಂಪರೆಯನ್ನು ಪರಂಪರೆಯೆಂದೇ ಗೌರವಿಸೋಣ; ಅದಕ್ಕೆ ಹುಸಿ ಜನ್ಮಪತ್ರಿಕೆ ಬರೆಯುವ ಅಗತ್ಯವಿಲ್ಲ.

ಆದರೆ ಮರದ ಶಾಸ್ತ್ರದಿಂದಲೇ ಇನ್ನೊಂದು ಮಾತನ್ನು ಹೇಳದಿದ್ದರೆ ಅನ್ಯಾಯವಾದೀತು. ಅತ್ತಿಯ ಕುಲದ ಮರಗಳಲ್ಲಿ ಹೂವು ಕಾಯಿಯ ಒಳಗೇ ಇರುತ್ತದೆ; ಅತಿ ಸಣ್ಣ ಕಣಜವೊಂದು ಒಳಹೊಕ್ಕು ಪರಾಗ ಸೇರಿಸಿದರೆ ಮಾತ್ರ ಬೀಜವಾಗುತ್ತದೆ. ಜೆರಿಕೋವಿನ ಈ ಜಾತಿಯ ಮೂಲ ಆಫ್ರಿಕ. ಈಜಿಪ್ಟಿಗೂ ಪವಿತ್ರ ನಾಡಿಗೂ ಮರ ಬಂತು, ಪರಾಗ ತರುವ ಕಣಜ ಜೊತೆಗೆ ಬರಲಿಲ್ಲ. ಆದ್ದರಿಂದ ಅಲ್ಲಿ ಸಾವಿರಾರು ವರ್ಷಗಳಿಂದ ಈ ಮರ ಕಾಯಿ ಬಿಟ್ಟಿತೇ ಹೊರತು ಬೀಜ ಕೊಡಲಿಲ್ಲ. ಹಾಗಾದರೆ ಮರ ಉಳಿದದ್ದು ಹೇಗೆ? ಮನುಷ್ಯನು ಕೊಂಬೆ ಕಡಿದು ನೆಟ್ಟಿದ್ದರಿಂದ. ಆ ನಾಡಿನ ಹಳೆಯ ಅತ್ತಿಮರಗಳಲ್ಲಿ ತಾನಾಗಿ ಹುಟ್ಟಿದ್ದು ಇಲ್ಲವೆಂದೇ ಹೇಳಬೇಕು. ಪ್ರತಿಯೊಂದರ ಹಿಂದೆಯೂ ಒಬ್ಬ ನೆಟ್ಟವನಿದ್ದಾನೆ, ಅವನು ಕೊಂಬೆ ಕಡಿದುಕೊಂಡ ಒಂದು ಹಿರಿಯ ಮರವಿದೆ. ಕೊಂಬೆಯಿಂದ ಬೆಳೆದ ಮರ ತಾಯಿಮರದ ಮಗುವಲ್ಲ, ಅದರ ಮೈಯ ಭಾಗವೇ. ಈಗಿನ ಮರ ಯಾವ ಮರದ ಕೊಂಬೆಯೆಂದು ತೋರಿಸುವ ದಾಖಲೆಯಿಲ್ಲ. ಆದರೆ ಜಕ್ಕಾಯನು ಹತ್ತಿದ ಮರವನ್ನೂ ಯಾರೋ ಒಬ್ಬ ರೈತನು ನೆಟ್ಟಿದ್ದನೆಂಬುದರಲ್ಲಿ ಸಂದೇಹವಿಲ್ಲ. ದಾರಿಹೋಕರಿಗೆ ನೆರಳಾಗಲಿ ಎಂದೋ, ಕಾಯಿಗೆಂದೋ, ತೊಲೆಗೆಂದೋ ನೆಟ್ಟ ಮರ.

ಕಾಯಿಯ ವಿಷಯದಲ್ಲಿ ಇನ್ನೊಂದು ಸ್ವಾರಸ್ಯವಿದೆ. ಕಣಜವಿಲ್ಲದ ನಾಡಿನಲ್ಲಿ ಈ ಕಾಯಿ ತಾನಾಗಿ ಚೆನ್ನಾಗಿ ಹಣ್ಣಾಗುವುದಿಲ್ಲ. ಒಂದೊಂದೇ ಕಾಯಿಗೆ ಚಾಕುವಿನಿಂದ ಗೀರು ಹಾಕಬೇಕು. ಆಗ ಮೂರು ನಾಲ್ಕು ದಿನಗಳಲ್ಲಿ ಅದು ಉಬ್ಬಿ ಸಿಹಿಯಾಗುತ್ತದೆ. ಗಾಯವಾದಾಗ ಕಾಯಿಯಿಂದ ಎಥಿಲೀನ್ ಎಂಬ ಅನಿಲ ಹೊರಡುವುದೇ ಇದಕ್ಕೆ ಕಾರಣ. 1968ರಲ್ಲಿ ಗಲಿಲ್ ಎಂಬ ಸಸ್ಯಶಾಸ್ತ್ರಜ್ಞರು ಈ ಪ್ರಾಚೀನ ಪದ್ಧತಿಯನ್ನು ಕುರಿತು ಪ್ರಬಂಧ ಪ್ರಕಟಿಸಿದರು. ಪ್ರವಾದಿ ಆಮೋಸನು ತಾನು ಕುರಿಗಾಹಿ, ಅತ್ತಿಮರಗಳ ಕೆಲಸದವನು ಎಂದು ಹೇಳಿಕೊಂಡಾಗ ಸೂಚಿಸಿದ್ದು ಈ ಕೆಲಸವನ್ನೇ ಇರಬೇಕು. ಹಳೆಯ ಒಡಂಬಡಿಕೆಯನ್ನು ಈಜಿಪ್ಟಿನಲ್ಲಿ ಗ್ರೀಕಿಗೆ ಅನುವಾದಿಸಿದವರು ಅಲ್ಲಿ 'ಗೀರುವವನು' ಎಂಬ ಅರ್ಥದ ಮಾತನ್ನೇ ಬಳಸಿದ್ದಾರೆ. ಆಮೋಸನ ಊರು ತೆಕೋವ ಚಳಿಯ ಬೆಟ್ಟದ ಮೇಲಿನದು. ಈ ಮರ ಹಿಮವನ್ನು ತಾಳದು. ಹಾಗಾದರೆ ಅವನು ಕೆಲಸಕ್ಕಾಗಿ ಬಿಸಿಲುಸೀಮೆಗೆ ಇಳಿದು ಬರುತ್ತಿದ್ದಿರಬೇಕು, ನಮ್ಮ ಕಡೆಯ ಕೂಲಿಯವರು ಕಾಫಿಯ ಕೊಯ್ಲಿಗೆ ಘಟ್ಟ ಹತ್ತುವಂತೆ.

ಇದು ಬಡವರ ಮರ. ಪವಿತ್ರ ಗ್ರಂಥದಲ್ಲೇ ಇದಕ್ಕೆ ಆಧಾರವಿದೆ. ಅತ್ತಿಯ ತೊಲೆಗಳು ಮುರಿದುಬಿದ್ದರೆ ದೇವದಾರನ್ನು ಹಾಕುತ್ತೇವೆಂದು ಜಂಬ ಕೊಚ್ಚಿದವರನ್ನು ಪ್ರವಾದಿ ಯೆಶಾಯ ಹೆಸರಿಸುತ್ತಾನೆ. ಸೊಲೊಮೋನನ ವೈಭವವನ್ನು ಹೇಳುವಾಗ ದೇವದಾರು ತಗ್ಗುನಾಡಿನ ಅತ್ತಿಮರಗಳಷ್ಟು ಅಗ್ಗವಾಗಿತ್ತೆಂದು ಅರಸುಗಳ ಗ್ರಂಥ ಹೇಳುತ್ತದೆ. ಹಣ್ಣು ಅಂಜೂರದಷ್ಟು ರುಚಿಯಿಲ್ಲ, ಆದರೆ ವರ್ಷದಲ್ಲಿ ಹಲವು ಬಾರಿ ಬಿಡುತ್ತದೆ. ಬಡವನ ಹೊಟ್ಟೆಗೆ ಆದೀತು.

ಈಗ ಆ ಮರದ ಮೇಲೆ ಕುಳಿತವನನ್ನು ನೋಡಿರಿ.

ಜೆರಿಕೋ ಅಂದು ದುಡ್ಡಿನ ಊರು. ಖರ್ಜೂರವಲ್ಲದೆ ಪರಿಮಳದ ಗುಗ್ಗುಲದಂಥ ಬಾಲ್ಸಮ್ ಗಿಡದ ತೋಟಗಳಿದ್ದವು. ಆ ತೋಟಗಳು ಎಂಥ ಬೆಲೆಯವೆಂದರೆ ರೋಮಿನ ಆಂಟನಿ ಅವನ್ನು ಕ್ಲಿಯೋಪಾತ್ರಳಿಗೆ ಕೊಟ್ಟುಬಿಟ್ಟ. ಹೆರೋದನು ತನ್ನ ನಾಡಿನ ತೋಟವನ್ನೇ ಅವಳಿಂದ ಗುತ್ತಿಗೆಗೆ ಪಡೆಯಬೇಕಾಯಿತು. ಜೋರ್ಡಾನಿನ ಆಚೆಯಿಂದ ಯೂದಾಯಕ್ಕೆ ಬರುವ ಸರಕು ದಾಟುವ ಗಡಿಯೂ ಹತ್ತಿರದಲ್ಲೇ. ಸುಂಕಕ್ಕೆ ಇಂಥ ಜಾಗ ಬೇರೆ ಬೇಕೆ? ಸುಂಕ ಎತ್ತುವವರು ನಿಗದಿಯಾದದ್ದಕ್ಕಿಂತ ಹೆಚ್ಚು ಕಿತ್ತುಕೊಳ್ಳುತ್ತಿದ್ದರು. ಹಾಗೆ ಮಾಡಬೇಡಿರೆಂದು ಸ್ನಾನಿಕ ಯೊವಾನ್ನರು ಅವರಿಗೆ ಬುದ್ಧಿ ಹೇಳಬೇಕಾಗಿ ಬಂದದ್ದನ್ನು ಲೂಕನೇ ಬರೆದಿದ್ದಾನೆ. ಜಕ್ಕಾಯನು ಅಂಥವರ ಮೇಲಿನ ಯಜಮಾನ. ಶುಭಸಂದೇಶಗಳಲ್ಲಿ ಈ ಪದವಿಯ ಹೆಸರು ಇನ್ನೆಲ್ಲೂ ಬರುವುದಿಲ್ಲ. ಅಂಥ ಧನಿಕನು ನಡುಹಗಲಿನಲ್ಲಿ, ಊರ ಹುಡುಗರ ಎದುರಿಗೆ, ಬಡವರ ಮರವನ್ನು ಹತ್ತಿದ. ಕುಳ್ಳನಾದುದರಿಂದ ಹತ್ತಿದನೆಂದು ನಾವು ಮಕ್ಕಳಿಗೆ ಹೇಳಿ ನಗಿಸುತ್ತೇವೆ. ಜನ ಅವನಿಗೆ ದಾರಿ ಬಿಡಲಿಲ್ಲವೆಂಬುದನ್ನೂ ಹೇಳಬೇಕು. ಏಕೆ ಬಿಡಬೇಕು? ಆ ಗುಂಪಿನಲ್ಲಿ ಅವನ ಕಟ್ಟೆಯಲ್ಲಿ ಸುಲಿಸಿಕೊಂಡವರು ಇದ್ದರು.

ಸ್ವಾಮಿಯವರು ಅವನ ಮನೆಗೆ ಹೋದಾಗ ಎಲ್ಲರೂ ಗೊಣಗಿದರೆಂದು ಶುಭಸಂದೇಶ ಹೇಳುತ್ತದೆ. ಈ ಗೊಣಗಾಟವನ್ನು ಪ್ರಸಂಗಗಳಲ್ಲಿ ಸುಲಭವಾಗಿ ಹೊಟ್ಟೆಕಿಚ್ಚೆಂದು ಕರೆದುಬಿಡುತ್ತೇವೆ. ನನಗೆ ಅವರ ಮೇಲೆ ಮರುಕವಿದೆ. ಕತ್ತೆಯ ಹೊರೆಯ ಮೇಲೆ ಎರಡು ಪಟ್ಟು ಸುಂಕ ಕೊಟ್ಟು ಬರಿಗೈಯಲ್ಲಿ ಮನೆಗೆ ಹೋದವನು, ಸುಲಿದವನ ಮನೆಯಲ್ಲಿ ಊಟ ನಡೆಯುವುದನ್ನು ಬೀದಿಯಲ್ಲಿ ನಿಂತು ನೋಡಿದರೆ ಇನ್ನೇನು ಮಾಡಿಯಾನು? ಅವನಿಗೆ ಉತ್ತರ ಕೊಟ್ಟವನು ಜಕ್ಕಾಯನೇ. ಆಸ್ತಿಯಲ್ಲಿ ಅರ್ಧ ಬಡವರಿಗೆ. ಮೋಸಮಾಡಿ ಕಸಿದುಕೊಂಡದ್ದಕ್ಕೆ ನಾಲ್ಕರಷ್ಟು. ಧರ್ಮಶಾಸ್ತ್ರದ ಪ್ರಕಾರ ತಾನಾಗಿ ತಪ್ಪೊಪ್ಪಿಕೊಂಡವನು ಅಸಲಿಗೆ ಐದನೆಯ ಒಂದು ಪಾಲು ಸೇರಿಸಿ ಹಿಂದಿರುಗಿಸಿದರೆ ಸಾಕಿತ್ತು. ನಾಲ್ಕರಷ್ಟು ಎಂಬುದು ಕುರಿಗಳ್ಳನ ದಂಡ. ಜಕ್ಕಾಯನು ತನಗೆ ತಾನೇ ಕಳ್ಳನ ತೀರ್ಪು ಬರೆದುಕೊಂಡ.

ಲೆಕ್ಕ ಹಾಕಿ ನೋಡಿರಿ. ನೂರು ರೂಪಾಯಿ ಆಸ್ತಿಯಿದ್ದರೆ ಐವತ್ತು ಬಡವರಿಗೆ ಹೋಯಿತು. ಉಳಿದ ಐವತ್ತರಲ್ಲಿ ನಾಲ್ಕು ಪಟ್ಟು ಕೊಡಬೇಕಾದರೆ, ಹನ್ನೆರಡೂವರೆ ರೂಪಾಯಿ ಮೋಸದ ಹಣಕ್ಕೇ ಅವನ ಕೈ ಬರಿದು. ಮೂಲಭಾಷೆಯಲ್ಲಿ 'ಕೊಡುತ್ತೇನೆ' ಎಂಬುದು ವರ್ತಮಾನಕಾಲದಲ್ಲಿದೆ, ಆದ್ದರಿಂದ ಅವನು ಮೊದಲಿನಿಂದಲೂ ಹಾಗೆಯೇ ನಡೆಯುತ್ತಿದ್ದನೆಂದು ವಾದಿಸುವ ಪಂಡಿತರೂ ಉಂಟು. ಆ ದಿನದ ಸಂಕಲ್ಪವೆಂದು ಓದುವವರ ಪಕ್ಷವೇ ನನ್ನದು. ಇಲ್ಲದಿದ್ದರೆ ರಕ್ಷಣೆ 'ಇಂದು' ಈ ಮನೆಗೆ ಬಂತೆಂಬ ಸ್ವಾಮಿಯವರ ಮಾತಿಗೆ ಅಷ್ಟು ಬಲ ಬರುತ್ತಿರಲಿಲ್ಲ.

ಹತ್ತಿದ ಮರಕ್ಕೆ ಹದಿನೇಳು ಶತಮಾನಗಳಿಂದ ಯಾತ್ರಿಕರಿದ್ದಾರೆ, ಪ್ರಾರ್ಥನಾಲಯ ಕಟ್ಟಿದರು, ಬೇಲಿ ಹಾಕಿದರು. ಹಣ ಹಿಂದಕ್ಕೆ ಪಡೆದವರ ಮನೆಗಳು ಯಾವುವೆಂದು ಯಾವ ಯಾತ್ರಿಕನೂ ಕೇಳಿಲ್ಲ. ಅಂದು ಸಂಜೆ ಜಕ್ಕಾಯನ ಆಳುಗಳು ಹಣದ ಚೀಲ ಹಿಡಿದು ಯಾವ ಯಾವ ಬಾಗಿಲು ತಟ್ಟಿದರೋ! ಬೇಲಿಯ ಮುಂದೆ ನಿಂತಾಗ ನನ್ನ ಮನಸ್ಸು ಹೆಚ್ಚು ಹೊತ್ತು ಇದ್ದದ್ದು ಆ ಬಾಗಿಲುಗಳ ಬಳಿ.

ಇನ್ನು ಆ ಊರಿನ ಇಂದಿನ ನಮ್ಮ ಸಹೋದರರ ವಿಷಯ. 1994ರಲ್ಲಿ ಜೆರಿಕೋ ಪಾಲೆಸ್ತೀನ್ ಆಡಳಿತಕ್ಕೆ ಬಂತು. ಜನ ಬಹುಮಟ್ಟಿಗೆ ಮುಸಲ್ಮಾನರು. ಕ್ರೈಸ್ತರು ಬೆರಳೆಣಿಕೆಯ ಮನೆಗಳವರು. ನಮ್ಮ ಕಥೋಲಿಕರಿಗೆ ಅಲ್ಲಿ ಒಳ್ಳೆಯ ಕುರುಬನ ಹೆಸರಿನ ದೇವಾಲಯವಿದೆ, ಫ್ರಾನ್ಸಿಸ್ಕನ್ ಗುರುಗಳು ನೋಡಿಕೊಳ್ಳುತ್ತಾರೆ. ಅವರೇ ನಡೆಸುವ ತೆರ್ರಾ ಸಾಂತಾ ಶಾಲೆಯಲ್ಲಿ ಓದುವ ಮಕ್ಕಳಲ್ಲಿ ಹೆಚ್ಚಿನವರು ಮುಸಲ್ಮಾನರ ಮಕ್ಕಳು. ನಾವು ಅಲ್ಲಿ ಬಲಿಪೂಜೆಯಲ್ಲಿ ಭಾಗವಹಿಸಿದೆವು; ನಾವು ಕನ್ನಡದಲ್ಲಿ ಒಂದು ಮರಿಯ ಗೀತೆ ಹಾಡಿದಾಗ ಹಿಂದಿನ ಸಾಲಿನಲ್ಲಿದ್ದ ಇಬ್ಬರು ಅರಬ್ಬೀ ಹೆಂಗಸರು ಎದ್ದು ನಿಂತರು. 2023ರ ಅಕ್ಟೋಬರಿನಲ್ಲಿ ಯುದ್ಧ ಆರಂಭವಾದ ಮೇಲೆ ಯಾತ್ರಿಕರ ಬಸ್ಸುಗಳು ಬಹುಮಟ್ಟಿಗೆ ನಿಂತುಹೋದವು. ಯಾತ್ರಿಕರನ್ನೇ ನಂಬಿದ್ದ ಅಂಗಡಿ, ವಸತಿಗೃಹಗಳವರ ಗತಿಯನ್ನು ನೀವೇ ಊಹಿಸಬಹುದು. ಖರ್ಜೂರ ಕೊಳ್ಳಿರೆಂದು ಹಿಂದೆ ಬಿದ್ದ ಹುಡುಗರನ್ನು ನಾವು ಅಂದು ಗದರಿಸಿದ್ದೆವು.

ಸಭಾಂಗಣದ ಹೊರಗೆ ಮೇಜಿನ ಮೇಲೆ ಕೆಲವು ಚಿತ್ರಗಳನ್ನು ಇರಿಸಿದ್ದೇನೆ. ಅವುಗಳ ಪಕ್ಕದಲ್ಲಿ ಎರಡು ಎಲೆಗಳಿವೆ: ಒಂದು ಜೆರಿಕೋವಿನದು, ಬೇಲಿಯ ಹೊರಗೆ ರಸ್ತೆಯಲ್ಲಿ ಬಿದ್ದಿದ್ದದ್ದು, ಇನ್ನೊಂದು ನಮ್ಮ ಅತ್ತಿಯದು, ಇಂದು ಬೆಳಿಗ್ಗೆ ಕೊಯ್ದದ್ದು. ಜೆರಿಕೋವಿನ ಎಲೆ ಮುಟ್ಟಿದರೆ ಒರಟಾಗಿದೆ, ಮರಳುಕಾಗದದಂತೆ. ಒಣಗಿರುವುದರಿಂದ ಮಕ್ಕಳು ಮೆಲ್ಲಗೆ ಮುಟ್ಟಿ ನೋಡಬೇಕು.